ಮಾಂದಲ್‌ಪಟ್ಟಿ, ಕೋಟೆಬೆಟ್ಟ, ಕಕ್ಕಬ್ಬೆ, ಸಿದ್ದಾಪುರ: ಸೈಕಲ್ ತುಳಿಯೋಕೆ ಎಲ್ಲಿ ಹೋಗ್ಬೇಕು?

ಕೊಡಗಿನಲ್ಲಿ ಮಣ್ಣಿನ ರಸ್ತೆಯಲ್ಲಿ ಸೈಕಲ್ ತುಳಿಯಬೇಕು ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರೋ ಹೆಸರು ಮಾಂದಲ್‌ಪಟ್ಟಿ. ವಾಹನ ಕಾಟ ಇಲ್ಲದ ಕಡೆ ಬೇಕು ಅಂತ ಕೇಳಿದರೆ ಮಾತ್ರ ನಾನು ಆ ಹೆಸರು ಹೇಳುವುದಿಲ್ಲ. ನಾಲ್ಕೂ ಕಡೆ ಬೇರೆ ಬೇರೆ ತಿಂಗಳುಗಳಲ್ಲಿ ತುಳಿದು ನೋಡಿದ್ದೇನೆ, ಗ್ರಾವೆಲ್ ಸೈಕಲ್‌ನಲ್ಲೂ (ಜಲ್ಲಿ, ಮಣ್ಣಿನ ರಸ್ತೆಗೆ ಅಂತ ಮಾಡಿದ್ದು), ಮುಂದೆ ಮಾತ್ರ ಸಸ್ಪೆನ್ಷನ್ ಇರೋ ಎಂಟಿಬಿಯಲ್ಲೂ (ಮೌಂಟನ್ ಬೈಕ್, ಬೆಟ್ಟದ ಒರಟು ದಾರಿಯ ಸೈಕಲ್). ನನ್ನ ಓಟು ಕೋಟೆಬೆಟ್ಟಕ್ಕೆ. ಯಾಕೆ ಅಂತ ಹೇಳ್ತೀನಿ.

ಮೊದಲು ಮಾಂದಲ್‌ಪಟ್ಟಿ ಮುಗಿಸಿಬಿಡೋಣ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಮಾಂದಲ್‌ಪಟ್ಟಿ 1600ರ ಆಸುಪಾಸು. ಲೆಕ್ಕಕ್ಕೆ ಏರು ಕಮ್ಮಿ ಅನ್ನಿಸುತ್ತೆ. ಆದರೆ ಅಬ್ಬಿ ಜಲಪಾತದ ಕಡೆಯಿಂದ ಹೋದರೆ ರಸ್ತೆ ಮೊದಲು ಕಣಿವೆಗೆ ಇಳಿಯುತ್ತೆ, ಇಳಿದಿದ್ದನ್ನೆಲ್ಲ ಮತ್ತೆ ಹತ್ತಬೇಕು. ಅದೂ ಪರವಾಗಿಲ್ಲ. ತೊಂದರೆ ಇರೋದು ಜೀಪುಗಳದ್ದು. ಮಂಜು ನೋಡೋಕೆ ಬರೋರನ್ನು ತುಂಬಿಕೊಂಡು ಬೆಳಗಿನ ಜಾವದಿಂದಲೇ ಸಾಲಾಗಿ ಓಡ್ತವೆ. ಕೊನೆಯ ಭಾಗದಲ್ಲಿ ಚಕ್ರಗಳು ಕೊರೆದ ಎರಡು ಗಾಡಿಜಾಡು, ನಡುವೆ ಉಬ್ಬಿದ ಮಣ್ಣು, ಜಾಡಿನೊಳಗೆ ಮುಷ್ಟಿ ಗಾತ್ರದ ಸಡಿಲ ಕಲ್ಲು. ಜೀಪು ಬಂದರೆ ಸರಿದು ನಿಲ್ಲೋಕೂ ಜಾಗ ಇರಲ್ಲ, ಧೂಳು ಕುಡಿಯಬೇಕು. ಗ್ರಾವೆಲ್ ಸೈಕಲ್‌ನ 40 ಎಂಎಂ ಅಗಲದ ಟೈರಿಗೆ ಅದು ರಸ್ತೆಯೇ ಅಲ್ಲ. ಹೋಗಲೇಬೇಕು ಅಂದ್ರೆ ಎಂಟಿಬಿ ತಗೊಂಡು ವಾರದ ನಡುವೆ ಹೋಗಿ. ಮೇಲಿನ ನೋಟ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಕೋಟೆಬೆಟ್ಟ ಎತ್ತರದಲ್ಲಿ ಹೆಚ್ಚುಕಮ್ಮಿ ಮಾಂದಲ್‌ಪಟ್ಟಿಯಷ್ಟೇ, ಸುಮಾರು 1620 ಮೀಟರ್. ಮಡಿಕೇರಿಯಿಂದ ಸೋಮವಾರಪೇಟೆ ರಸ್ತೆ ಹಿಡಿದು ಮಕ್ಕಂದೂರು ದಾಟಿ ಹಟ್ಟಿಹೊಳೆಗೆ ಬಂದು ಅಲ್ಲಿಂದ ಒಳಗೆ ತಿರುಗಬೇಕು. ಆ ಮುಖ್ಯರಸ್ತೆಯಲ್ಲಿ ಬಸ್ಸು, ಪಿಕಪ್ಪು ಎಲ್ಲಾ ಇರುತ್ತೆ, ಅಲ್ಲಿ ಮಾತ್ರ ಹುಷಾರು. ಒಳಗೆ ತಿರುಗಿದ ಮೇಲೆ ಲೋಕವೇ ಬೇರೆ. ಮೊದಲು ಕಾಫಿ ತೋಟ, ಆಮೇಲೆ ಏಲಕ್ಕಿ ಬೆಳೆಯೋ ತಂಪಿನ ಕಾಡು, ಕೊನೆಗೆ ಬಯಲು ಹುಲ್ಲುಗುಡ್ಡ. ರಸ್ತೆಯೂ ಹಾಗೇ ಬದಲಾಗ್ತಾ ಹೋಗುತ್ತೆ. ಡಾಂಬರು ಮುಗಿದು ಜಲ್ಲಿ, ಜಲ್ಲಿ ಮುಗಿದು ಗಟ್ಟಿ ಕೆಂಪು ಮಣ್ಣು. ನಡುನಡುವೆ ಕಡಿದಾದ ಕಡೆ ಕಾಂಕ್ರೀಟ್ ತುಂಡುಗಳು. ತೋಟದ ಜೀಪು ಒಂದೋ ಎರಡೋ ಎದುರಾಗಬಹುದು, ಅವರು ನಿಧಾನಕ್ಕೆ ಬರ್ತಾರೆ, ನಿಂತು ಮಾತಾಡಿಸ್ತಾರೆ.

ಈ ಏರಿನಲ್ಲಿ ನನಗೆ ಇಷ್ಟ ಆಗೋದು ಅದರ ಹದ. ಒಂದೇ ಸಮ ಹತ್ತಿಸಲ್ಲ, ಕಡಿದಾದ ತಿರುವು ಮುಗಿದ ಮೇಲೆ ಉಸಿರು ತಗೊಳ್ಳೋಷ್ಟು ಸಮತಟ್ಟು ಸಿಗುತ್ತೆ. ಸಿಲ್ವರ್ ಓಕ್ ಮರಗಳ ಕೆಳಗೆ ಮಾತ್ರ ಕಣ್ಣು ನೆಲದ ಮೇಲಿರಲಿ. ಒಣ ಎಲೆ ದಪ್ಪಗೆ ಹಾಸಿಕೊಂಡಿರುತ್ತೆ, ಒಂದು ಬದಿ ಬೂದು ಬೆಳ್ಳಿ ಬಣ್ಣ. ಅದರಡಿ ಕಲ್ಲಿದೆಯೋ ಗುಂಡಿಯಿದೆಯೋ ಕಾಣೋದಿಲ್ಲ, ಮುಂದಿನ ಚಕ್ರ ಗಪ್ಪನೆ ಜಾರುತ್ತೆ. ತಿರುವಿಗೆ ಬರೋ ಮೊದಲೇ ಬ್ರೇಕ್ ಹಿಡಿದು ಮುಗಿಸಿ, ತಿರುವಿನೊಳಗೆ ಮುಂದಿನ ಬ್ರೇಕ್ ಮುಟ್ಟಬೇಡಿ. ಟ್ಯೂಬ್‌ಲೆಸ್ ಟೈರ್ ಇದ್ದರೆ ಗಾಳಿ 35 ಪಿಎಸ್ಐ ಸುತ್ತಮುತ್ತ ಇಟ್ಟುಕೊಂಡರೆ ಜಲ್ಲಿಯಲ್ಲಿ ಕೈ ನೋಯೋದು ಕಮ್ಮಿ. ತುದಿಗೆ ಹತ್ತಿರ ರಸ್ತೆ ಕೆಟ್ಟಿದೆ, ಅಲ್ಲಿ ಸೈಕಲ್ ತಳ್ಳಿಕೊಂಡು ನಡೆದರೆ ಸಾಕು. ಮೇಲೆ ಶಿವನ ಗುಡಿ ಇದೆ, ಎರಡು ಕೆರೆ ಇವೆ.

ಇನ್ನೊಂದು ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಿದ್ದು ಇದೇ ಮಕ್ಕಂದೂರು, ಹಟ್ಟಿಹೊಳೆ ಸುತ್ತಿನಲ್ಲಿ. ಜನ ಮನೆ, ತೋಟ ಕಳೆದುಕೊಂಡ ಜಾಗ ಇದು. ಮಳೆಗಾಲದಲ್ಲಿ ಈ ಕಡೆ ಸೈಕಲ್ ಬೇಡವೇ ಬೇಡ. ಕುಸಿದ ಗುಡ್ಡದ ಬರೆಯ ಹತ್ತಿರ ನಿಂತು ಫೋಟೋ ತೆಗೆಯೋದೂ ಬೇಡ.

ಕಕ್ಕಬ್ಬೆ ಕಡೆಯದ್ದು ಬೇರೆ ರುಚಿ. ನಾಪೋಕ್ಲು ದಾಟಿದ ಮೇಲೆ ವಾಹನ ಕಮ್ಮಿಯಾಗ್ತಾ ಬರುತ್ತೆ. ಅಲ್ಲಿಂದ ಕಬ್ಬಿನಕಾಡು, ನಾಲ್ಕುನಾಡು ಅರಮನೆ. ಅರಮನೆ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು, 1792ರ ಕಾಲದ್ದು. ಮುಂದೆ ತಡಿಯಂಡಮೋಳ್ ಬುಡದ ತನಕ ಸೈಕಲ್ ಹೋಗುತ್ತೆ. ಬೆಟ್ಟ 1748 ಮೀಟರ್, ಕೊಡಗಿನಲ್ಲೇ ಎತ್ತರದ್ದು. ಅರಣ್ಯ ಇಲಾಖೆ ಗೇಟಿನಾಚೆ ಚಾರಣಿಗರ ದಾರಿ, ಅಲ್ಲಿಂದ ಸೈಕಲ್ ವಾಪಸ್ ತಿರುಗಿಸಿ. ಇಲ್ಲಿ ಮಣ್ಣಿಗಿಂತ ಕಾಂಕ್ರೀಟೇ ಜಾಸ್ತಿ, ಅದೂ ಗೋಡೆ ಥರ ಎದ್ದು ನಿಂತಿರೋ ಏರುಗಳು. ನೆರಳಲ್ಲಿ ಪಾಚಿ ಕಟ್ಟಿರುತ್ತೆ. ಹಾಗಾಗಿ ಈ ಕಡೆ ಟೈರಿಗಿಂತ ಗೇರು ಮುಖ್ಯ. ಮುಂದೆ 40 ಹಲ್ಲಿನ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲುಚಕ್ರ), ಹಿಂದಿನ ದೊಡ್ಡ ಗೇರಿಗೆ 34 ಹಲ್ಲು ಇಟ್ಟುಕೊಂಡು ಬಂದರೆ ಇಳಿದು ತಳ್ಳೋದೇ ಕೆಲಸ. ಮುಂದೆ 30, ಹಿಂದೆ 46 ಇದ್ದರೆ ಕೂತೇ ಹತ್ತಬಹುದು. ವಾರಾಂತ್ಯದಲ್ಲಿ ಚಾರಣಕ್ಕೆ ಬರೋ ಕಾರುಗಳು ಇರ್ತವೆ, ಆದರೆ ಚೇಲಾವರದ ಕಡೆ ಹೊರಳಿದರೆ ಒಳದಾರಿಗಳು ಸಾಕಷ್ಟಿವೆ. ಇಡೀ ದಿನ ಸುತ್ತಬೇಕು, ನಡುವೆ ಅಕ್ಕಿ ರೊಟ್ಟಿ ತಿನ್ನಬೇಕು ಅನ್ನೋರಿಗೆ ಕೋಟೆಬೆಟ್ಟಕ್ಕಿಂತ ಇದೇ ವಾಸಿ.

ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಸುತ್ತಿನ ತೋಟದ ರಸ್ತೆಗಳು ತುಳಿಯೋಕೆ ಅತಿ ಸುಲಭ. ರೊಬಸ್ಟಾ ತೋಟಗಳ ನಡುವೆ ಸಣ್ಣ ಏರು, ಸಣ್ಣ ಇಳಿಜಾರು, ತಲೆ ಮೇಲೆ ನೆರಳು. ಹೊಸಬರಿಗೆ, ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೂ ನಾನು ಒಬ್ಬನೇ ಅಲ್ಲಿಗೆ ಹೋಗಲ್ಲ. ಆನೆ. ಜೀಪು ಬಂದರೆ ಸದ್ದು ಕೇಳಿ ಆನೆ ಸರಿಯುತ್ತೆ. ಸೈಕಲ್‌ಗೆ ಸದ್ದಿಲ್ಲ, ತಿರುವಿನಲ್ಲಿ ನೀವು ಬರೋದು ಅದಕ್ಕೆ ಗೊತ್ತಾಗಲ್ಲ, ಅದು ನಿಂತಿರೋದು ನಿಮಗೆ ಗೊತ್ತಾಗಲ್ಲ. ಹಲಸು ಹಣ್ಣಾಗೋ ಕಾಲದಲ್ಲಿ, ಗದ್ದೆ ಕುಯ್ಲಿಗೆ ಬಂದಾಗ ತೋಟದೊಳಗೇ ಬೀಡು ಬಿಡ್ತವೆ. ಬೆಳಕು ಪೂರ್ತಿ ಹರಿದು ಕೆಲಸದವರು ತೋಟಕ್ಕೆ ಇಳಿದ ಮೇಲೆ ಹೊರಡಿ. "ಅಕ್ಕಾ, ಆನೆ ಉಂಟಾ ಈ ಕಡೆ?" ಅಂತ ಒಂದು ಮಾತು ಕೇಳಿ. ಅವರು ಬೇಡ ಅಂದರೆ ವಾಪಸ್ ತಿರುಗಿ, ವಾದ ಮಾಡಬೇಡಿ. ಇನ್ನು ತೋಟದ ರಸ್ತೆ ಅಂದ್ರೆ ಖಾಸಗಿ ಜಾಗ, ಗೇಟಿನಲ್ಲಿ ರೈಟರ್ (ತೋಟದ ಗುಮಾಸ್ತ) ಹತ್ತಿರ ಕೇಳಿಯೇ ಒಳಗೆ ಹೋಗಬೇಕು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು ಇರುತ್ತೆ, ಮೂಟೆ ಹೊತ್ತ ಟ್ರ್ಯಾಕ್ಟರು, ಪಿಕಪ್ಪು ಓಡಾಡ್ತವೆ, ಆಗ ಖಾಲಿ ರಸ್ತೆ ನಿರೀಕ್ಷೆ ಮಾಡೋ ಹಾಗಿಲ್ಲ.

ನಾಲ್ಕಕ್ಕೂ ಒಳ್ಳೆ ಕಾಲ ಅಂದ್ರೆ ಮಾರ್ಚ್ ಸುಮಾರಿಗೆ ಹೂಮಳೆ ಬಿದ್ದ ಮೇಲಿನ ಕೆಲವು ದಿನ. ಕಾಫಿ ಗಿಡ ಅರಳಲಿ ಅಂತ ಕಾಯೋ ಮಳೆ ಅದು. ತೋಟದವರಿಗೆ ಎಷ್ಟು ಬೇಕೋ ನಮಗೂ ಅಷ್ಟೇ ಬೇಕು. ಧೂಳು ಕೂತು ಮಣ್ಣು ಗಟ್ಟಿಯಾಗಿರುತ್ತೆ, ಟೈರ್ ಕಚ್ಚಿಕೊಂಡು ಓಡುತ್ತೆ. ಜೂನ್ ಆದ ಮೇಲೆ ಅದೇ ಮಣ್ಣು ಟೈರು ಫ್ರೇಮಿನ ಸಂದಿಗೆ ಸೇರಿ ಚಕ್ರವೇ ತಿರುಗಲ್ಲ, ಡಿಸ್ಕ್ ಬ್ರೇಕಿನ ಮೆತ್ತನೆಯ ರೆಸಿನ್ ಪ್ಯಾಡ್ ನೋಡ್ತಾ ನೋಡ್ತಾ ಸವೆಯುತ್ತೆ, ಕಾಲಿಗೆ ಜಿಗಣೆ ಬೇರೆ. ಹೂಮಳೆ ಆಗಿ ಎರಡು ದಿನ ರಜೆ ಸಿಕ್ಕಿದರೆ ಒಂದು ದಿನ ಕೋಟೆಬೆಟ್ಟ, ಇನ್ನೊಂದು ದಿನ ಕಕ್ಕಬ್ಬೆ ಇಟ್ಟುಕೊಳ್ಳಿ. ಕೋಟೆಬೆಟ್ಟಕ್ಕೆ ಹೋಗೋ ದಿನ ನೀರು, ತಿಂಡಿ, ಪಂಕ್ಚರ್ ಸಾಮಾನು ಎಲ್ಲಾ ಕೆಳಗಿಂದಲೇ ತುಂಬಿಕೊಂಡು ಹೋಗಿ.