ಮನೆಬಾಗಿಲಿಗೆ ಬರುವ ಸೋಂಕು ಪರೀಕ್ಷೆ: ಬಳಕೆದಾರರ ನೆಲೆಯಿಂದ ಒಂದು ವಿಮರ್ಶೆ

ನಗರದ ಇಕ್ಕಟ್ಟಾದ, ಸೌಲಭ್ಯ ಕಡಿಮೆಯಿರುವ ವಸತಿಗಳಲ್ಲಿ ಕ್ಷಯ ಮತ್ತು ಎಚ್‌ಐವಿ ಪರೀಕ್ಷೆಯನ್ನು ಮನೆಮನೆಗೆ ತಲುಪಿಸುವ ಸೇವೆಯೊಂದನ್ನು ಬಳಸಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪುಕ್ಕಟೆ ಸಿಗುವುದನ್ನು ದೂರುವುದು ಸರಿಯಲ್ಲ ಎಂಬ ಸಂಕೋಚ ನಮ್ಮಲ್ಲಿ ಹಲವರಿಗಿದೆ. ಆದರೆ ಅರ್ಧ ದಿನದ ಕೂಲಿ ಬಿಟ್ಟು ಮನೆಯಲ್ಲಿ ಕಾದು ಕುಳಿತವರು ಈ ಸೇವೆಯ ಬೆಲೆಯನ್ನು ತೆತ್ತೇ ಇರುತ್ತಾರೆ, ಹಾಗಾಗಿ ಅದರ ಗುಣದೋಷಗಳನ್ನು ಹೇಳುವ ಹಕ್ಕೂ ಅವರಿಗಿದೆ.

ಇಂಥ ಸೇವೆ ಬೇಕೇ ಎಂಬ ವಿಷಯದಲ್ಲಿ ನನಗೆ ಅನುಮಾನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 1 ಕೋಟಿ 8 ಲಕ್ಷ ಜನರಿಗೆ ಕ್ಷಯ ಬಂದಿತ್ತು. ಹೊಸದಾಗಿ ಪತ್ತೆಯಾಗಿ ದಾಖಲಾದವರು 82 ಲಕ್ಷ. ಉಳಿದವರೆಲ್ಲ ಆಸ್ಪತ್ರೆಯಿಂದ ದೂರ ಇರುವವರೇನಲ್ಲ. ಊರಿನ ನಡುವೆಯೇ ಇದ್ದು, ಹೊರರೋಗಿ ವಿಭಾಗದ ವೇಳೆಗೂ ತಮ್ಮ ಕೆಲಸದ ವೇಳೆಗೂ ಹೊಂದಿಕೆಯಾಗದೆ ಕೆಮ್ಮನ್ನು ತಿಂಗಳುಗಟ್ಟಲೆ ಮುಂದೂಡುವವರೂ ಅವರಲ್ಲಿದ್ದಾರೆ.

ಕ್ಷಯ ಪರೀಕ್ಷೆಯಲ್ಲಿ ಕಾರ್ಯಕರ್ತೆಯರು ಮೊದಲು ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇವುಗಳ ಬಗ್ಗೆ ಕೇಳಿ, ಸಂಶಯವಿದ್ದವರಿಗೆ ಕಫದ ಡಬ್ಬಿ ಕೊಡುತ್ತಾರೆ. ಡಬ್ಬಿ ಕೊಡುವುದು ಸುಲಭ, ಅದರಲ್ಲಿ ಕಫ ಬರುವಂತೆ ಮಾಡುವುದು ಕಷ್ಟ. ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆಯಬೇಕು. ಬರೀ ಎಂಜಲು ಬಿದ್ದರೆ ಸೋಂಕು ಇದ್ದೂ ಕಾಣದೆ ಹೋಗಬಹುದು. ಗಾಳಿಯಾಡುವ ತೆರೆದ ಜಾಗದಲ್ಲಿ, ಬೇರೆಯವರಿಂದ ದೂರ ನಿಂತು ಇದನ್ನು ಮಾಡಬೇಕೆಂಬ ನಿಯಮವೂ ಇದೆ. ಒಂದೇ ಕೋಣೆಯ ಮನೆಯಲ್ಲಿ ಅಂಥ ಜಾಗ ಎಲ್ಲಿದೆ? ನಮ್ಮಲ್ಲಿಗೆ ಬಂದ ಕಾರ್ಯಕರ್ತೆ ಇದನ್ನು ಕೇಳುವ ಮೊದಲೇ ಅರ್ಥ ಮಾಡಿಕೊಂಡು, ಮಹಡಿಯ ಮೇಲೆ ಹೋಗಿ ಕೆಮ್ಮುವುದನ್ನು ತಾವೇ ಅಭಿನಯಿಸಿ ತೋರಿಸಿದರು, ಮುಚ್ಚಳ ಬಿಗಿಯಾಗಿದೆಯೇ ಎಂದು ತಿರುವಿ ನೋಡಿದರು, ಆಮೇಲಷ್ಟೇ ಡಬ್ಬಿಯನ್ನು ತಂಪುಪೆಟ್ಟಿಗೆಗೆ ಇಟ್ಟರು. ಈ ಸೇವೆಯಲ್ಲಿ ನಾನು ಕಂಡ ಅತ್ಯುತ್ತಮ ಕೆಲಸ ಇದೇ.

ಇಲ್ಲಿ ಕೊರತೆಯೊಂದಿದೆ. ಹಲವು ದೇಶಗಳ ಸಮೀಕ್ಷೆಗಳ ಪ್ರಕಾರ, ಕಫದಲ್ಲಿ ಕ್ಷಯಾಣು ಖಚಿತವಾದವರಲ್ಲಿ ಸುಮಾರು ಅರ್ಧದಷ್ಟು ಜನ ತಮಗೆ ಯಾವ ಲಕ್ಷಣವೂ ಇಲ್ಲವೆಂದೇ ಹೇಳುತ್ತಾರೆ. ಹೀಗಾಗಿ ಪ್ರಶ್ನಾವಳಿಯನ್ನೇ ನಂಬಿದ ಸೇವೆ ಅವರನ್ನು ದಾಟಿ ಮುಂದೆ ಹೋಗುತ್ತದೆ. ಎತ್ತಿಕೊಂಡು ಹೋಗಬಲ್ಲ ಎಕ್ಸ್-ರೇ ಯಂತ್ರಗಳು ಈಗ ಇವೆ; ಎದೆಯ ಚಿತ್ರವನ್ನು ಓದುವ ತಂತ್ರಾಂಶವನ್ನು 15 ವರ್ಷ ಮತ್ತು ಮೇಲ್ಪಟ್ಟವರ ಕ್ಷಯ ತಪಾಸಣೆಗೆ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಶಿಫಾರಸು ಮಾಡಿದೆ. ಈ ಸೇವೆಯಲ್ಲಿ ಅದಿನ್ನೂ ಇಲ್ಲ.

ಎಚ್‌ಐವಿಗೆ ಕೊಡುವುದು ಬಾಯಿದ್ರವದ ಸ್ವಯಂಪರೀಕ್ಷೆಯ ಕಿಟ್. ಸೂಜಿ ಇಲ್ಲ; ಮೇಲಿನ ವಸಡಿಗೊಮ್ಮೆ, ಕೆಳಗಿನ ವಸಡಿಗೊಮ್ಮೆ ಪಟ್ಟಿಯನ್ನು ಒರೆಸಿ ದ್ರವದ ಕೊಳವೆಯಲ್ಲಿ ನಿಲ್ಲಿಸಿದರೆ 20 ನಿಮಿಷದ ನಂತರ ಫಲಿತಾಂಶ ಓದಬಹುದು, 40 ನಿಮಿಷ ದಾಟಿದರೆ ಓದಬಾರದು. ಕಿಟ್ಟಿನ ಬಗ್ಗೆ ತಕರಾರಿಲ್ಲ, ವಿವರಣೆಯ ಬಗ್ಗೆ ಇದೆ. ಎರಡು ಗೆರೆ ಮೂಡಿದರೆ ಅದೇ ಕೊನೆಯ ಮಾತಲ್ಲ, ದೃಢೀಕರಣ ಪರೀಕ್ಷೆ ಆಗಬೇಕು ಎಂಬುದನ್ನು ಚೆನ್ನಾಗಿ ಹೇಳುತ್ತಾರೆ. ಒಂದೇ ಗೆರೆ ಮೂಡಿದರೂ ಹಿಂದಿನ ಮೂರು ತಿಂಗಳಲ್ಲಿ ತಗುಲಿದ ಸೋಂಕು ತಪ್ಪಿಹೋಗಿರಬಹುದು ಎಂಬುದನ್ನು ಅವಸರದಲ್ಲಿ ಹೇಳಿ ಮುಗಿಸುತ್ತಾರೆ. ಸುಳ್ಳು ನೆಮ್ಮದಿ ಹುಟ್ಟುವುದು ಇಲ್ಲಿಯೇ.

ಗೌಪ್ಯದ ವಿಷಯದಲ್ಲಿ ನಾನು ಕಡಿಮೆ ಅಂಕ ಕೊಡುತ್ತೇನೆ. ಕಾರ್ಯಕರ್ತರ ಮೇಲಂಗಿಯ ಬೆನ್ನಿನ ಮೇಲೆ ರೋಗದ ಹೆಸರು ದೊಡ್ಡದಾಗಿ ಅಚ್ಚಾಗಿದ್ದರೆ, ಅವರು ಯಾವ ಮನೆಗೆ ಎರಡನೆಯ ಸಲ ಬಂದರು ಎಂಬುದನ್ನು ಇಡೀ ಓಣಿ ಲೆಕ್ಕವಿಡುತ್ತದೆ. ಎಲ್ಲ ಮನೆಗೂ ಎರಡು ಸಲ ಹೋಗುವುದು, ಅಥವಾ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯನ್ನೂ ಜೊತೆಗೆ ಸೇರಿಸಿ ಎಲ್ಲಕ್ಕೂ ಒಂದೇ ಹೆಸರಿಡುವುದು ಕಷ್ಟದ ಪರಿಹಾರವಲ್ಲ.

ವೇಳೆಯ ಆಯ್ಕೆಯೂ ಚಿಂತಿಸಬೇಕಾದದ್ದು. ಹಗಲಿನಲ್ಲಿ ಬಾಗಿಲು ತಟ್ಟಿದರೆ ಸಿಗುವವರು ಹೆಂಗಸರು, ಮಕ್ಕಳು, ಮುದುಕರು. ಜಾಂಬಿಯಾ ಮತ್ತು ದಕ್ಷಿಣ ಆಫ್ರಿಕದ 21 ಸಮುದಾಯಗಳಲ್ಲಿ 2013ರಿಂದ 2018ರವರೆಗೆ ನಡೆದ ಪಾಪ್‌ಆರ್ಟ್ ಎಂಬ ಎಚ್‌ಐವಿ ತಡೆ ಅಧ್ಯಯನದಲ್ಲೂ ಮನೆಭೇಟಿಗೆ ಗಂಡಸರನ್ನು ತಲುಪುವುದೇ ಕಷ್ಟವಾಗಿತ್ತು. ಮನೆಭೇಟಿ ನಡೆದ ಒಂದು ಗುಂಪಿನ ಸಮುದಾಯಗಳಲ್ಲಿ ಹೊಸ ಎಚ್‌ಐವಿ ಸೋಂಕು ಸುಮಾರು ಶೇ. 30ರಷ್ಟು ಕಡಿಮೆಯಾಯಿತು, ಇನ್ನೊಂದು ಗುಂಪಿನಲ್ಲಿ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಇದಕ್ಕೂ ಮೊದಲು ಜಿಂಬಾಬ್ವೆಯ ರಾಜಧಾನಿ ಹರಾರೆಯ ದಟ್ಟ ವಸತಿಗಳಲ್ಲಿ ಕ್ಷಯ ಪತ್ತೆಗೆ ಮನೆಭೇಟಿಯನ್ನೂ ಧ್ವನಿವರ್ಧಕವಿದ್ದ ಸಂಚಾರಿ ವ್ಯಾನನ್ನೂ ಹೋಲಿಸಿ ನೋಡಿದಾಗ, ಹೆಚ್ಚು ರೋಗಿಗಳನ್ನು ಹುಡುಕಿದ್ದು ವ್ಯಾನು. ಬಾಗಿಲಿಗೆ ಬಂದ ಮಾತ್ರಕ್ಕೆ ಸೇವೆ ಶ್ರೇಷ್ಠವಾಗುವುದಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಸಂಜೆಯ ಮತ್ತು ಭಾನುವಾರದ ಭೇಟಿಗಳನ್ನು ಸೇರಿಸುವವರೆಗೆ ಈ ಸೇವೆ ಅರ್ಧ ವಸತಿಯ ಸೇವೆ.

ಇನ್ನು ಫಲಿತಾಂಶ. ಕಫವನ್ನು ಪರೀಕ್ಷಿಸುವ ಜೀನ್‌ಎಕ್ಸ್‌ಪರ್ಟ್ ಯಂತ್ರ ಎರಡು ಗಂಟೆಯೊಳಗೆ ಕ್ಷಯಾಣುವನ್ನೂ, ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ಹೇಳಿಬಿಡುತ್ತದೆ. ನಮ್ಮ ಮನೆಗೆ ಆ ಸುದ್ದಿ ತಲುಪಲು ಹಿಡಿದದ್ದು ಹಲವು ದಿನ, ಅದೂ ನಾವೇ ಫೋನ್ ಮಾಡಿ ಕೇಳಿದ ಮೇಲೆ. ರೋಗ ಪತ್ತೆಯಾದ ನೆರೆಮನೆಯವರೊಬ್ಬರಿಗೆ ಒಂದು ಚೀಟಿ ಕೊಟ್ಟು ಚಿಕಿತ್ಸಾ ಕೇಂದ್ರಕ್ಕೆ ಹೋಗಿರೆಂದರು; ಅವರು ಹೋಗಲು ಕಷ್ಟಪಡುತ್ತಿದ್ದುದೇ ಅಲ್ಲಿಗೆ. ಮೊದಲ ದಿನ ಜೊತೆಗೊಬ್ಬರು ನಡೆದು, ಔಷಧಿ ಕೈಗೆ ಬರುವವರೆಗೆ ನಿಂತರೆ ಅಷ್ಟೂ ಪರೀಕ್ಷೆಗಳಿಗೆ ಅರ್ಥ ಬರುತ್ತಿತ್ತು.

ಒಟ್ಟು ಐದರಲ್ಲಿ ಮೂರು ಅಂಕ. ಮೂರೂ ಕಾರ್ಯಕರ್ತೆಯರ ಪಾಲಿಗೆ. ನಿಮ್ಮ ಬೀದಿಗೆ ಇಂಥ ಸೇವೆ ಬಂದರೆ ಖಂಡಿತ ಬಳಸಿ, ಆದರೆ ಫಲಿತಾಂಶ ಯಾವ ದಿನ, ಯಾರ ಮೂಲಕ ಬರುತ್ತದೆಂದು ಡಬ್ಬಿ ಕೊಡುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಎರಡು ವಾರ ದಾಟಿದ ಕೆಮ್ಮಿದ್ದವರು, ಕಫದಲ್ಲಿ ರಕ್ತ ಕಂಡವರು ಮಾತ್ರ ಬಾಗಿಲು ತಟ್ಟುವವರಿಗಾಗಿ ಕಾಯದೆ ನೇರ ಆಸ್ಪತ್ರೆಗೆ ಹೋಗುವುದು ಒಳ್ಳೆಯದು.