ಕಾರ್ಡ್‌ನಲ್ಲಿ 'ನ್ಯಾಚುರಲ್ ರೂಬಿ' ಅಂತಲೇ ಇತ್ತು, ಹರಳಿನ ತುಂಬಾ ಸೀಸದ ಗಾಜು

ಮಾಣಿಕ್ಯ ಕೊಳ್ಳುವ ಯೋಚನೆ ಇರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ನನಗೆ ಯಾರೂ ಬಣ್ಣದ ಗಾಜು ಕೊಟ್ಟು ಮಾಣಿಕ್ಯ ಅಂತ ಹೇಳಲಿಲ್ಲ. ಕೊಟ್ಟ ಹರಳಿನಲ್ಲಿ ಮಾಣಿಕ್ಯ ಇತ್ತು. ಲ್ಯಾಬ್ ಕಾರ್ಡ್ ಕೂಡ ಇತ್ತು. ಆ ಕಾರ್ಡ್‌ನಲ್ಲಿ ಸುಳ್ಳು ಅನ್ನುವ ಹಾಗೆ ಒಂದು ಸಾಲೂ ಇರಲಿಲ್ಲ. ಆದರೂ ನನ್ನ ದುಡ್ಡು ಹೋಯಿತು.

ಅಮ್ಮನಿಗೆ ಒಂದು ಒಳ್ಳೆಯ ಕೆಂಪಿನ ಉಂಗುರ ಕೊಡಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಅಂಗಡಿಯವರು ತೋರಿಸಿದ್ದು 6 ಕ್ಯಾರೆಟ್‌ಗಿಂತ ಸ್ವಲ್ಪ ಜಾಸ್ತಿ ತೂಗುವ ಹರಳು. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಹಾಗಾಗಿ ಒಂದೂಕಾಲು ಗ್ರಾಂ ಹತ್ತಿರ. ಗಾಢ ಕೆಂಪು, ನೋಡಿದರೆ ಒಳಗೆ ಒಂದು ಚುಕ್ಕೆಯೂ ಕಾಣುವುದಿಲ್ಲ. ಅಷ್ಟು ದೊಡ್ಡ, ಅಷ್ಟು ತಿಳಿಯಾದ ಮಾಣಿಕ್ಯ ನನ್ನಂಥವಳ ಕೈಗೆ ಎಟುಕುವ ಬೆಲೆಗೆ ಸಿಗುತ್ತಿದೆ ಅಂದರೆ ಏನೋ ಇದೆ ಅಂತ ಅನಿಸಿತ್ತು. ಅದಕ್ಕೇ ಕೇಳಿದೆ, "ಇದು ಒರಿಜಿನಲ್ ತಾನೆ?"

"ಲ್ಯಾಬ್ ಟೆಸ್ಟ್ ಆಗಿದೆ ಮೇಡಂ, ನೀವೇ ನೋಡಿ" ಅಂತ ಪ್ಲಾಸ್ಟಿಕ್ ಕಾರ್ಡ್ ಕೈಗಿಟ್ಟರು. ಹರಳಿನ ಫೋಟೋ, ತೂಕ, ಅಳತೆ, ಕೆಳಗೆ 'ನ್ಯಾಚುರಲ್ ರೂಬಿ'. ನನಗೆ ಅಷ್ಟು ಸಾಕಾಯಿತು. ಕಾರ್ಡ್ ತಿರುಗಿಸಿ ನೋಡಲಿಲ್ಲ.

ಎರಡು ತಿಂಗಳಾದ ಮೇಲೆ ಉಂಗುರ ಅಮ್ಮನ ಬೆರಳಿಗೆ ಬಿಗಿಯಾಗುತ್ತಿದೆ ಅಂತ ನಮಗೆ ಪರಿಚಯದ ಅಕ್ಕಸಾಲಿಗರ ಹತ್ತಿರ ಕೊಟ್ಟೆ. ಅಳತೆ ದೊಡ್ಡದು ಮಾಡಲು ಉಂಗುರದ ಪಟ್ಟಿಯನ್ನು ಕತ್ತರಿಸಿ, ನಡುವೆ ಚೂರು ಚಿನ್ನ ಸೇರಿಸಿ, ಟಾರ್ಚ್ ಹಿಡಿದು ಬೆಸುಗೆ ಹಾಕುತ್ತಾರೆ. ಬೆಸುಗೆಯ ಕಪ್ಪು ಹೋಗಲು ಆಸಿಡ್ ನೀರಿಗೆ ಅದ್ದುತ್ತಾರೆ. "ಹರಳು ಬಿಚ್ಚುವುದು ಬೇಡ, ಮಾಣಿಕ್ಯ ಇಷ್ಟು ಬಿಸಿ ತಡೆಯುತ್ತೆ" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬರೀ ಮಾಣಿಕ್ಯವಾಗಿದ್ದರೆ ತಡೆಯುತ್ತಿತ್ತು.

ಸಂಜೆ ಹೋದಾಗ ಅವರು ಉಂಗುರವನ್ನು ಮೇಜಿನ ಮೇಲಿಟ್ಟು ಮಾತಾಡದೆ ನಿಂತಿದ್ದರು. ಹರಳಿನ ಮೇಲೆಲ್ಲ ಬಿಳೀ ಗೆರೆಗಳು. ಜೇಡರ ಬಲೆ ಹಾಸಿದ ಹಾಗೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಉಗುರು ಎಳೆದರೆ ಆ ಗೆರೆಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕೆಂಪು ಹೋಗಿ ಮಾಸಿದ ಗುಲಾಬಿ ಬಣ್ಣ ಬಂದಿತ್ತು. ನಾನು ಅವರ ಮೇಲೆ ರೇಗಿದೆ. ಹರಳು ಬದಲಾಯಿಸಿದ್ದೀರಾ ಅಂತ ಕೂಡ ಕೇಳಿಬಿಟ್ಟೆ. ಮಾರನೇ ವಾರ ಹೋಗಿ ಕ್ಷಮೆ ಕೇಳಿದೆ. ಆದರೆ ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹರಳುಗಳನ್ನೇ ಪರೀಕ್ಷೆ ಮಾಡುವ, ಮಾರಾಟ ಮಾಡದ ಒಬ್ಬರು ಜೆಮಾಲಜಿಸ್ಟ್ ಹತ್ತಿರ ಅದನ್ನು ತೆಗೆದುಕೊಂಡು ಹೋದೆ. ಅವರು ಹರಳನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು ನನ್ನನ್ನೇ ನೋಡಲು ಕರೆದರು. ಬೆಸುಗೆಯ ಬಿಸಿಗೆ, ಆಸಿಡ್‌ಗೆ ಮೇಲ್ಭಾಗದ ಗಾಜು ಹಾಳಾಗಿತ್ತು, ಆದರೆ ಆಳದಲ್ಲಿ ಇನ್ನೂ ಗಾಜು ಉಳಿದಿತ್ತು. ಅವರು ಚಿಮಟದಲ್ಲಿ ಹರಳನ್ನು ನಿಧಾನಕ್ಕೆ ಹೊರಳಿಸಿದರು. ಏನೂ ಇಲ್ಲದ ಕಡೆ ಇದ್ದಕ್ಕಿದ್ದ ಹಾಗೆ ಒಂದು ನೀಲಿ ಮಿಂಚು ಹಾದುಹೋಯಿತು. ಇನ್ನೊಂದು ಚೂರು ಹೊರಳಿಸಿದಾಗ ಮಾಯ. ಅದೇ ಜಾಗದಲ್ಲಿ ಚಪ್ಪಟೆಯಾದ ಗಾಳಿಗುಳ್ಳೆಗಳು, ಎರಡು ಗಾಜಿನ ನಡುವೆ ಸಿಕ್ಕಿಬಿದ್ದ ನೀರಹನಿಯ ಹಾಗೆ. "ಈ ನೀಲಿ ಮಿಂಚು, ಈ ಗುಳ್ಳೆ ಎರಡೂ ಇದ್ದರೆ ಸೀಸದ ಗಾಜು ತುಂಬಿದ್ದಾರೆ ಅಂತಲೇ ತಿಳಿಯಿರಿ" ಅಂದರು.

ಇದನ್ನು ಮಾಡುವ ರೀತಿ ಹೀಗಿದೆ. ಬಿರುಕೇ ಬಿರುಕು ತುಂಬಿರುವ, ಬೆಳಕು ಹಾಯದ, ಆಭರಣಕ್ಕೆ ಬಾರದ ಕೀಳು ದರ್ಜೆಯ ಕಲ್ಲು ತೆಗೆದುಕೊಳ್ಳುತ್ತಾರೆ. ಆಸಿಡ್‌ನಲ್ಲಿ ಬಿರುಕುಗಳನ್ನೆಲ್ಲ ತೊಳೆಯುತ್ತಾರೆ. ಆಮೇಲೆ ಸೀಸ ಜಾಸ್ತಿ ಇರುವ ಗಾಜಿನ ಪುಡಿಯ ಜೊತೆ ಕುಲುಮೆಯಲ್ಲಿ ಕಾಯಿಸುತ್ತಾರೆ. ಗಾಜು ಕರಗಿ ಬಿರುಕುಗಳೊಳಗೆ ಇಳಿಯುತ್ತದೆ. ಎಣ್ಣೆ ಬಿದ್ದ ಕಾಗದ ಪಾರದರ್ಶಕ ಆಗುತ್ತದಲ್ವಾ? ಇಲ್ಲಿ ನಡೆಯುವುದೂ ಅದೇ. ಬಿರುಕಿನಲ್ಲಿ ಗಾಳಿ ಇದ್ದರೆ ಬೆಳಕು ಅಲ್ಲಿ ಚದುರಿ ಹರಳು ಮಬ್ಬಾಗಿ ಕಾಣುತ್ತದೆ. ಸೀಸದ ಗಾಜು ಬೆಳಕನ್ನು ಹೆಚ್ಚುಕಡಿಮೆ ಮಾಣಿಕ್ಯದಷ್ಟೇ ಬಾಗಿಸುತ್ತದೆ. ಹಾಗಾಗಿ ಬಿರುಕು ಕಣ್ಣಿಗೆ ಕಾಣುವುದೇ ಇಲ್ಲ. ಇಂಥ ಮಾಣಿಕ್ಯಗಳು 2004ರ ಸುಮಾರಿಗೆ ಮಾರುಕಟ್ಟೆಗೆ ಬಂದವು. ಕೆಲವು ಹರಳುಗಳಲ್ಲಿ ಗಾಜು ಎಷ್ಟಿರುತ್ತದೆ ಅಂದರೆ, ಅದನ್ನು ತೆಗೆದರೆ ಕಲ್ಲು ಚೂರುಚೂರಾಗಿ ಬೀಳುತ್ತದೆ. ನೀವು ಕ್ಯಾರೆಟ್ ಲೆಕ್ಕದಲ್ಲಿ ದುಡ್ಡು ಕೊಡುವುದು ಆ ಗಾಜಿಗೂ ಸೇರಿಸಿ.

ಹಾಗಾದರೆ ಲ್ಯಾಬ್ ಕಾರ್ಡ್ ಏನು ಹೇಳಿತು? ಅದನ್ನೂ ಅವರೇ ಬಿಡಿಸಿ ಹೇಳಿದರು. ಹರಳನ್ನು ಗುರುತಿಸಲು ಮೊದಲು ನೋಡುವುದು ಬೆಳಕು ಬಾಗುವ ಪ್ರಮಾಣ, ಅಂದರೆ ವಕ್ರೀಭವನ ಸೂಚ್ಯಂಕ. ರಿಫ್ರಾಕ್ಟೋಮೀಟರ್ ಮೇಲೆ ಮಾಣಿಕ್ಯ 1.762ರಿಂದ 1.770ರ ಆಸುಪಾಸು ತೋರಿಸುತ್ತದೆ. ನೀರಿಗೆ ಹೋಲಿಸಿದರೆ ಸುಮಾರು 4 ಪಟ್ಟು ಭಾರ. ಡೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಒಂದೇ ಹರಳು ಎರಡು ಬಗೆಯ ಕೆಂಪು ತೋರಿಸುತ್ತದೆ, ಒಂದು ನೇರಳೆ ಕಡೆಗೆ, ಇನ್ನೊಂದು ಕಿತ್ತಳೆ ಕಡೆಗೆ. ಇವೆಲ್ಲ ಸರಿಯಿದ್ದರೆ ಅದು ಕುರುಂದ ಅನ್ನುವ ಖನಿಜ, ಬಣ್ಣ ಕೆಂಪಾದರೆ ಮಾಣಿಕ್ಯ. ನನ್ನ ಹರಳಿನ ವಿಷಯದಲ್ಲಿ ಇದೆಲ್ಲ ಸರಿಯಾಗಿಯೇ ಇತ್ತು. ಕಾರ್ಡ್ ಹಿಂದೆ, ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು: ಇದು ಹರಳಿನ ಗುರುತಿಗೆ ಮಾತ್ರ, ಸಂಸ್ಕರಣೆಯ ಪರೀಕ್ಷೆ ಮಾಡಿಲ್ಲ.

ಅಂಗಡಿಗೆ ವಾಪಸ್ ಹೋದೆ. "ನ್ಯಾಚುರಲ್ ಅಂದಿದ್ದೆವು. ನ್ಯಾಚುರಲ್ ತಾನೆ? ಬೆಂಕಿಗೆ ಹಿಡಿದದ್ದು ನಿಮ್ಮ ತಪ್ಪು" ಅಂದರು. ಬಿಲ್‌ನಲ್ಲಿ ಬರೀ 'ರೂಬಿ ಉಂಗುರ' ಅಂತ ಇತ್ತು. ವಾದ ಮಾಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಈ ವಿಷಯ ಸಿಕ್ಕಷ್ಟು ಓದಿದೆ. ನಾನು ಕೇಳಿದ ಪ್ರಶ್ನೆಯೇ ಪೊಳ್ಳಾಗಿತ್ತು ಅಂತ ಆಗ ತಿಳಿಯಿತು. 'ಒರಿಜಿನಲ್' ಅನ್ನುವ ಪದಕ್ಕೆ ಹರಳಿನ ಲೋಕದಲ್ಲಿ ಅರ್ಥವೇ ಇಲ್ಲ. ಕೇಳಬೇಕಾದದ್ದು ಮೂರು ಬೇರೆ ಬೇರೆ ಪ್ರಶ್ನೆ. ಇದು ಯಾವ ಖನಿಜ? ನೆಲದಲ್ಲಿ ಹುಟ್ಟಿದ್ದೋ, ಮನುಷ್ಯ ಬೆಳೆಸಿದ್ದೋ? ಹುಟ್ಟಿದ ಮೇಲೆ ಇದಕ್ಕೆ ಏನೇನು ಮಾಡಿದ್ದಾರೆ? ಬೆಲೆ ನಿಲ್ಲುವುದು ಮೂರನೆಯದರ ಮೇಲೆ. ಜನ ಕೇಳದೆ ಬಿಡುವುದೂ ಅದನ್ನೇ.

ಮೊದಲನೆಯ ಪ್ರಶ್ನೆಯಲ್ಲೇ ಎಡವಿದವರು ಕಡಿಮೆ ಇಲ್ಲ. ಬಣ್ಣ ನೋಡಿ ಹೆಸರಿಡುವ ಅಭ್ಯಾಸ ಹಳೆಯದು. ಬ್ರಿಟನ್ನಿನ ರಾಜಕಿರೀಟದ ಮುಂಭಾಗದಲ್ಲಿರುವ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ಮಾಣಿಕ್ಯ ಅಲ್ಲ, ಅದು ಸ್ಪಿನೆಲ್. ಸ್ಪಿನೆಲ್ ಬೇರೆಯೇ ಖನಿಜ. ಸೂಚ್ಯಂಕ 1.718 ಹತ್ತಿರ, ಡೈಕ್ರೋಸ್ಕೋಪ್‌ನಲ್ಲಿ ಒಂದೇ ಬಣ್ಣ. ನಮ್ಮ ಭಾಷೆಯಲ್ಲೂ ಇಂಥ ಗೊಂದಲ ಇದೆ. ಪುಷ್ಯರಾಗ ಅಂದರೆ ನಿಘಂಟು ಟೋಪಾಜ್ ಅನ್ನುತ್ತದೆ, ವ್ಯಾಪಾರದಲ್ಲಿ ಅದೇ ಹೆಸರಿನಲ್ಲಿ ಹಳದಿ ನೀಲಮಣಿ, ಅಂದರೆ ಯೆಲ್ಲೋ ಸಫೈರ್ ಮಾರುತ್ತಾರೆ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಟೋಪಾಜ್ 8, ಸಫೈರ್ 9. ಇದೇ ಬಣ್ಣದ ಸಿಟ್ರಿನ್ ಬರೀ ಸ್ಫಟಿಕ, ಅಂದರೆ ಕ್ವಾರ್ಟ್ಜ್, ಗಡಸುತನ 7. ಬೆಲೆಯಲ್ಲಿ ಮೂರಕ್ಕೂ ಅಜಗಜಾಂತರ. ಅದಕ್ಕೇ ಬಿಲ್‌ನಲ್ಲಿ ಬರೀ ಪುಷ್ಯರಾಗ ಅಂತ ಬರೆಸಿಕೊಂಡರೆ ಸಾಲದು, ಖನಿಜದ ಹೆಸರನ್ನೂ ಬರೆಸಿಕೊಳ್ಳಿ.

ಎರಡನೆಯದು ಮನುಷ್ಯ ಬೆಳೆಸಿದ ಹರಳು. ಫ್ರಾನ್ಸಿನ ಆಗಸ್ಟ್ ವರ್ನೂಯಿ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದರು. ಅಂದರೆ ಅಜ್ಜಿಯ ಕಾಲದ ಒಡವೆ ಅಂದ ಮಾತ್ರಕ್ಕೆ ಅದರ ಕೆಂಪು ಗಣಿಯಿಂದಲೇ ಬಂದಿರಬೇಕು ಅಂತ ಇಲ್ಲ. ಬೆಳೆಸಿದ ಮಾಣಿಕ್ಯದ ಗಡಸುತನ, ತೂಕ, ಸೂಚ್ಯಂಕ ಎಲ್ಲವೂ ನೆಲದ ಮಾಣಿಕ್ಯದಂತೆಯೇ. ಮನೆಯಲ್ಲಿ ಗಾಜಿನ ಮೇಲೆ ಗೀಚಿ ನೋಡುವುದೆಲ್ಲ ಸುಮ್ನೆ. ಹರಳಿನ ಅಂಚು ಮುರಿಯಬಹುದು ಅಷ್ಟೆ. ವ್ಯತ್ಯಾಸ ಒಳಗಿರುತ್ತದೆ. ಜ್ವಾಲೆಯಲ್ಲಿ ಬೆಳೆದದ್ದರಲ್ಲಿ ಬಾಗಿದ ಗೆರೆಗಳು ಇರುತ್ತವೆ, ನೆಲದಲ್ಲಿ ಬೆಳೆದದ್ದರಲ್ಲಿ ಗೆರೆಗಳು ನೇರವಾಗಿ, ಕೋನ ಕಟ್ಟಿಕೊಂಡು ಇರುತ್ತವೆ. ರೂಟೈಲ್ ಅನ್ನುವ ಖನಿಜದ ಕೂದಲೆಳೆಯಂಥ ಸೂಜಿಗಳೂ ಇರಬಹುದು, ಅದನ್ನು ಸಿಲ್ಕ್ ಅನ್ನುತ್ತಾರೆ. ಹರಳಿನಲ್ಲಿ ಏನೂ ಕಾಣದಿದ್ದರೆ ಖುಷಿ ಪಡುವ ಮೊದಲು ಸ್ವಲ್ಪ ನಿಲ್ಲಿ.

ಮೂರನೆಯದನ್ನು ನಾನು ನನ್ನ ದುಡ್ಡಿನಲ್ಲಿ ಕಲಿತೆ. ಮಾಣಿಕ್ಯವನ್ನು ಬರೀ ಕಾಯಿಸಿ ಬಣ್ಣ ಸುಧಾರಿಸುವುದು ವ್ಯಾಪಾರದಲ್ಲಿ ಒಪ್ಪಿತವಾದ ಕೆಲಸ. ಮಾರುಕಟ್ಟೆಯಲ್ಲಿರುವ ಬಹುಪಾಲು ಮಾಣಿಕ್ಯಗಳು ಹಾಗೆ ಕಾಯಿಸಿದವೇ. ಅದರ ಬಣ್ಣ ಕಾಯಂ ನಿಲ್ಲುತ್ತದೆ. ಮಾರುವವರು ಅದನ್ನು ಹೇಳಬೇಕು, ಅಷ್ಟೆ. ಕಾಯಿಸದ ಒಳ್ಳೆಯ ಹರಳು ಅಪರೂಪ, ಅದರ ಬೆಲೆ ಬಹಳ ಮೇಲೆ. ಸೀಸದ ಗಾಜು ತುಂಬಿದ್ದು ಇವೆರಡರ ಸಾಲಿಗೇ ಬರುವುದಿಲ್ಲ. ಕಾಯಿಸಿದ್ದಕ್ಕೂ ತುಂಬಿದ್ದಕ್ಕೂ 'ಟ್ರೀಟೆಡ್' ಅನ್ನುವ ಒಂದೇ ಮಾತು ಹೇಳಿ ಜಾರಿಕೊಳ್ಳುವವರು ಇದ್ದಾರೆ. ಬಿಡಬೇಡಿ. ಹೀಟ್ ಮಾತ್ರವೋ, ಗ್ಲಾಸ್ ಫಿಲ್ಲಿಂಗ್ ಇದೆಯೋ ಅಂತ ನೇರವಾಗಿ ಕೇಳಿ.

ಬೆಲೆಯ ಬಗ್ಗೆಯೂ ನನಗೆ ತಪ್ಪು ತಿಳಿವಳಿಕೆ ಇತ್ತು. ತೂಕ ಜಾಸ್ತಿಯಾದಷ್ಟೂ ಬೆಲೆ ಅದೇ ಅಳತೆಯಲ್ಲಿ ಏರುತ್ತದೆ ಅಂದುಕೊಂಡಿದ್ದೆ. ದೊಡ್ಡ ಹರಳು ಅಪರೂಪ, ಹಾಗಾಗಿ 1 ಕ್ಯಾರೆಟ್‌ನ ಎರಡು ಹರಳಿಗಿಂತ ಅದೇ ಗುಣದ 2 ಕ್ಯಾರೆಟ್‌ನ ಒಂದು ಹರಳು ದುಬಾರಿ. ನನ್ನ 6 ಕ್ಯಾರೆಟ್ ಅಗ್ಗವಾಗಿದ್ದದ್ದೇ ಅದರ ಜಾತಕ ಹೇಳುತ್ತಿತ್ತು. ಬಣ್ಣದ ಹರಳಿನಲ್ಲಿ ಎಲ್ಲಕ್ಕಿಂತ ಮುಖ್ಯ ಬಣ್ಣವೇ. ಅದನ್ನು ಅಂಗಡಿಯ ಹಳದಿ ದೀಪದ ಕೆಳಗೆ ನೋಡಬೇಡಿ, ಆ ಬೆಳಕಿನಲ್ಲಿ ಎಲ್ಲ ಕೆಂಪೂ ಚೆನ್ನಾಗಿಯೇ ಕಾಣುತ್ತದೆ. ಹಗಲು ಬೆಳಕಿಗೆ ತಂದು ನೋಡಿ. ಬಿಡಿ ಹರಳನ್ನು ಅಚ್ಚಾದ ಕಾಗದದ ಮೇಲೆ ಮುಖ ಮೇಲೆ ಮಾಡಿ ಇಡಿ. ನಡುವೆ ಅಕ್ಷರ ಓದಲು ಬಂದರೆ ಕತ್ತರಿಸುವಾಗ ತಳ ತೆಳ್ಳಗೆ ಬಿಟ್ಟಿದ್ದಾರೆ, ಬೆಳಕು ವಾಪಸ್ ಬರದೆ ತಳದಿಂದ ಸೋರುತ್ತಿದೆ ಅಂತ ಅರ್ಥ. ವಜ್ರಕ್ಕಿರುವ ಹಾಗೆ ಎಲ್ಲರೂ ಒಪ್ಪಿದ ಒಂದೇ ದರ್ಜೆಯ ಪಟ್ಟಿ ಬಣ್ಣದ ಹರಳಿಗೆ ಇಲ್ಲ. 'ಟ್ರಿಪಲ್ ಎ' ಅಂತ ಅಂಗಡಿಯವರು ಹೇಳಿದರೆ ಅದು ಆ ಅಂಗಡಿಯ ಮಾತು, ಅಷ್ಟೆ.

ಇನ್ನು ಕೊಳ್ಳುವುದೇ ಆದರೆ, ಉಂಗುರದಲ್ಲಿ ಕೂರಿಸಿದ್ದನ್ನು ಬಿಟ್ಟು ಬಿಡಿ ಹರಳನ್ನೇ ಕೊಳ್ಳಿ. ಕೂರಿಸಿದ ಹರಳಿನ ಹಿಂದೆ ತಗಡಿಟ್ಟು ಬಣ್ಣ ಏರಿಸಿದ್ದರೆ ಗೊತ್ತೇ ಆಗುವುದಿಲ್ಲ. ಪರೀಕ್ಷೆ ನೀವು ಆರಿಸಿದ ಲ್ಯಾಬ್‌ನಲ್ಲೇ ಆಗಲಿ, ಅದು ಮುಗಿದ ಮೇಲೇ ಪೂರ್ತಿ ದುಡ್ಡು. ವರದಿಯಲ್ಲಿ 'ಟ್ರೀಟ್‌ಮೆಂಟ್' ಅಥವಾ 'ಕಮೆಂಟ್ಸ್' ಅನ್ನುವ ಜಾಗವನ್ನೇ ಮೊದಲು ಓದಿ. ಅದು ಖಾಲಿ ಇದ್ದರೆ 'ಏನೂ ಮಾಡಿಲ್ಲ' ಅಂತ ತಿಳಿಯಬೇಡಿ, 'ನೋಡಿಲ್ಲ' ಅಂತಲೂ ಇರಬಹುದು. ವರದಿಯ ನಂಬರನ್ನು ಲ್ಯಾಬ್‌ನವರ ಹತ್ತಿರವೇ ಕೇಳಿ ಖಚಿತ ಮಾಡಿಕೊಳ್ಳಿ. ತೂಕ, ಮಿಲಿಮೀಟರ್ ಅಳತೆ ನಿಮ್ಮ ಮುಂದಿರುವ ಹರಳಿಗೆ ತಾಳೆಯಾಗಬೇಕು, ಇಲ್ಲದಿದ್ದರೆ ಒಂದು ಹರಳಿನ ವರದಿ ಇನ್ನೊಂದಕ್ಕೆ ಹೊಂದಿಸಿದ್ದಾರೆ. ಬಿಲ್‌ನಲ್ಲಿ 'ನೆಲದ ಮಾಣಿಕ್ಯ, ಗಾಜು ತುಂಬಿಲ್ಲ' ಅಂತ ಬರೆಸಿ ಸಹಿ ಹಾಕಿಸಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಈಗಾಗಲೇ ಇಂಥ ಹರಳು ನಿಮ್ಮ ಮನೆಯಲ್ಲಿದ್ದು ಅನುಮಾನ ಇದ್ದರೆ, ಪರೀಕ್ಷೆ ಆಗುವವರೆಗೆ ಅದನ್ನು ಅಲ್ಟ್ರಾಸಾನಿಕ್ ಮಷೀನ್‌ಗಾಗಲಿ ಸ್ಟೀಮ್‌ಗಾಗಲಿ ಹಾಕಿಸಬೇಡಿ. ಸೀಸದ ಗಾಜಿಗೆ ನಿಂಬೆರಸವೂ ಆಗದು, ನೆನೆದರೆ ಮೇಲ್ಮೈ ಸವೆದು ಗೆರೆ ಏಳುತ್ತದೆ. ಮೆತ್ತನೆ ಬಟ್ಟೆ ಒದ್ದೆ ಮಾಡಿ ಒರೆಸಿದರೆ ಸಾಕು. ಉಂಗುರ ರಿಪೇರಿಗೆ ಕೊಡುವಾಗ ಹರಳು ಬಿಚ್ಚಿಯೇ ಬೆಸುಗೆ ಹಾಕಿ ಅಂತ ಹೇಳಿ, ಬಿಚ್ಚಿದ ಹರಳನ್ನು ನೀವೇ ತಂದಿಟ್ಟುಕೊಳ್ಳಿ.