ಪುತ್ತೂರು ಕಟ್ಟು: ರಾಚಪಾಳೆಂ ಮನೆತನದ ಕೈಚಳಕ, ಅದು ಸಲ್ಲುವ ಜಾಗ, ಸಲ್ಲದ ಜಾಗ

ಬೆಂಗಳೂರಿನ ಗಲ್ಲಿಗಲ್ಲಿಗಳಲ್ಲಿ ‘ಪುತ್ತೂರು ಕಟ್ಟು’ ಎಂಬ ಬೋರ್ಡು ಕಾಣುತ್ತದೆ. ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿಯಿಂದ ಚೆನ್ನೈಗೆ ಹೋಗುವ ದಾರಿಯಲ್ಲಿರುವ ಆಂಧ್ರದ ಪುತ್ತೂರು. ಪಕ್ಕದ ರಾಚಪಾಳೆಂನಲ್ಲಿ ರಾಜು ಮನೆತನದವರು ತಲೆಮಾರುಗಳಿಂದ ಮೂಳೆ ಕಟ್ಟುತ್ತಿದ್ದಾರೆ. 1881ರಲ್ಲಿ ಕೇಶವರಾಜು ಅವರಿಂದ ಶುರುವಾಯಿತೆಂದು ಹೇಳುತ್ತಾರೆ. ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಅಂದರೆ ಈ ವಿದ್ಯೆ ಬೆಳೆದದ್ದು ಬೆರಳಲ್ಲಿ ತಡವಿಯೇ ಮುರಿತ ಪತ್ತೆಹಚ್ಚಬೇಕಾಗಿದ್ದ ಕಾಲದಲ್ಲಿ. ಆಗ ದೊಡ್ಡ ಆಸ್ಪತ್ರೆಯ ಡಾಕ್ಟರಿಗೂ ಬೇರೆ ದಾರಿ ಇರಲಿಲ್ಲ.

ಕಟ್ಟುವ ಕ್ರಮ ಹೀಗಿದೆ. ಮೊದಲು ತಡವಿ ನೋಡಿ, ಎಳೆದು, ಒತ್ತಿ, ಸರಿದ ತುದಿಗಳನ್ನು ಎದುರುಬದುರು ಕೂರಿಸುತ್ತಾರೆ. ಅರಿವಳಿಕೆ ಇಲ್ಲ, ನೋವು ಜೋರಾಗಿಯೇ ಇರುತ್ತದೆ. ಆಮೇಲೆ ಅರೆದ ಸೊಪ್ಪಿನ ಲೇಪ, ಮೊಟ್ಟೆಯ ಬಿಳಿ, ಹತ್ತಿಬಟ್ಟೆ, ಸುತ್ತ ಬಿದಿರಿನ ದಬ್ಬೆ. ಮೊಟ್ಟೆಯ ಬಿಳಿ ಒಣಗಿದಾಗ ಬಟ್ಟೆ ಬಿಗಿದು ಗಟ್ಟಿಯಾಗುತ್ತದೆ. ಕಟ್ಟು ಬದಲಿಸಲು ಮತ್ತೆ ಹೋಗಬೇಕು.

ಸೊಪ್ಪು ಯಾವುದೆಂಬುದು ಮನೆತನದ ಗುಟ್ಟು, ಜನ ಮಾತಾಡುವುದೂ ಅದರ ಬಗ್ಗೆಯೇ. ನಮ್ಮ ಅಭಿಪ್ರಾಯದಲ್ಲಿ ದೊಡ್ಡದು ಸೊಪ್ಪಲ್ಲ, ಕೈ. ಮೂಳೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಅದನ್ನು ನೇರವಾಗಿ ಕೂರಿಸಿ ಅಲುಗದಂತೆ ಹಿಡಿದಿಡುವುದಷ್ಟೇ ಕಟ್ಟುವವರ ಕೆಲಸ. ದಿನವೂ ಮುರಿದ ಕೈಕಾಲು ಮುಟ್ಟುವ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಹದ ಬರುತ್ತದೆ. ಊರಿನ ಹೆಸರನ್ನಷ್ಟೇ ಬೋರ್ಡಿಗೆ ಬರೆಸಿಕೊಂಡವರಿಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಕಟ್ಟಿಸುವ ಮುನ್ನ, ಯಾರ ಹತ್ತಿರ ಕಲಿತಿರಿ, ಎಷ್ಟು ವರ್ಷವಾಯಿತು, ಎಕ್ಸ್-ರೇ ನೋಡುತ್ತೀರಾ ಎಂದು ನೇರವಾಗಿ ಕೇಳಿ. ಎಕ್ಸ್-ರೇ ಬೇಡವೇ ಬೇಡ ಎಂದರೆ ಎದ್ದು ಬನ್ನಿ.

ಚರ್ಮ ಹರಿಯದ, ಮೂಳೆ ಹೆಚ್ಚು ಸರಿಯದ ಮುರಿತಕ್ಕೆ ಈ ಕಟ್ಟು ಸಲ್ಲುತ್ತದೆ: ಕಾಲ್ಬೆರಳು, ಭುಜದ ಮುಂದಿನ ಕೊರಳೆಲುಬು (ಕಾಲರ್ ಬೋನ್), ಮಕ್ಕಳ ಮುಂಗೈಯ ಸಣ್ಣ ಬಿರುಕು. ಖರ್ಚೂ ಕಡಿಮೆ. ಮಕ್ಕಳ ಮುಂಗೈ ನಾಲ್ಕರಿಂದ ಆರು ವಾರದಲ್ಲಿ ಕೂಡುತ್ತದೆ, ದೊಡ್ಡವರ ಮಣಿಕಟ್ಟಿಗೆ ಆರು ವಾರ ಬೇಕು, ಮೊಣಕಾಲ ಕೆಳಗಿನ ದೊಡ್ಡ ಮೂಳೆಗೆ ಮೂರು ತಿಂಗಳು ದಾಟಬಹುದು. ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಕೀಲು ಎರಡನ್ನೂ ಕಟ್ಟು ಹಿಡಿಯದಿದ್ದರೆ, ಮುಂಗೈಯ ಎರಡೂ ಮೂಳೆ ಮುರಿದಾಗ ತುದಿಗಳು ಒಳಗೇ ಜಾರುತ್ತವೆ. ಹಾಗಾಗಿ ವಾರ, ಹತ್ತು ದಿನದೊಳಗೆ ಮತ್ತೊಂದು ಎಕ್ಸ್-ರೇ ತೆಗೆಸಲೇಬೇಕು.

ನಿಜವಾದ ಅಪಾಯ ಬಿಗಿಯಲ್ಲಿದೆ. ಪೆಟ್ಟಾದ ಮೇಲೆ ಎರಡು ಮೂರು ದಿನ ಊತ ಏರುತ್ತಲೇ ಇರುತ್ತದೆ. ಒಣಗಿ ಗಟ್ಟಿಯಾದ ಕಟ್ಟು ಸುತ್ತಲೂ ಇದ್ದರೆ ಊತಕ್ಕೆ ಹಿಗ್ಗಲು ಜಾಗವಿಲ್ಲ, ಒತ್ತಡ ಒಳಗೆ ತಿರುಗಿ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಮೊದಲ ದಿನ ಸಾಮಾನ್ಯವಾಗಿ ಅರ್ಧ ಸುತ್ತಿನ ಪ್ಲಾಸ್ಟರ್ ಹಾಕಿ, ಊತ ಇಳಿದ ಮೇಲೆ ಪೂರ್ತಿ ಹಾಕುವುದು ಇದೇ ಕಾರಣಕ್ಕೆ. ರಕ್ತವಿಲ್ಲದೆ ಆರು ಗಂಟೆ ಕಳೆದರೆ ಸ್ನಾಯು ಸಾಯತೊಡಗುತ್ತದೆ, ಕೈ ಬೆರಳು ಮುದುಡಿ ಶಾಶ್ವತವಾಗಿ ಸೆಟೆದುಕೊಳ್ಳುತ್ತದೆ. ಮಕ್ಕಳು ಬಿದ್ದು ಮೊಣಕೈ ಮೇಲ್ಭಾಗ ಮುರಿದಾಗ ಈ ಭಯ ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ರಕ್ತನಾಳ ಮೂಳೆಗೆ ಅಂಟಿಕೊಂಡಂತೆ ಹಾದುಹೋಗುತ್ತದೆ. ಆ ಮುರಿತಕ್ಕೆ ಯಾವ ಕಟ್ಟೂ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಕಟ್ಟಿಸಿದ ಮೊದಲ ಮೂರು ದಿನ ಹಗಲು ರಾತ್ರಿ ನೋಡುತ್ತಿರಬೇಕು. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಬೆರಳನ್ನು ಮೆಲ್ಲಗೆ ಹಿಂದಕ್ಕೆ ಬಿಡಿಸಿದಾಗ ತಡೆಯಲಾರದ ನೋವು ಬಂದರೆ ಅದೇ ಮೊದಲ ಎಚ್ಚರಿಕೆ. ನಾಡಿ ಸಿಗುತ್ತಿದೆಯಲ್ಲ ಎಂದು ಧೈರ್ಯ ತಂದುಕೊಳ್ಳಬಾರದು. ಅಂಥ ನೋವು, ಜೋಮು, ತಣ್ಣಗಾಗುವುದು, ಬೆರಳು ನೀಲಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕಟ್ಟಿದವರನ್ನು ಕಾಯದೆ ಕಟ್ಟನ್ನು ಉದ್ದಕ್ಕೂ ಚರ್ಮದವರೆಗೆ ಕತ್ತರಿಸಿ ಬಿಡಿಸಿ, ಕೂಡಲೇ ಆಸ್ಪತ್ರೆಗೆ ಓಡಿ.

ಗಾಯ ತೆರೆದಿದ್ದರೆ ಲೇಪ ಖಂಡಿತ ಕೂಡದು. ಕೊಳೆ ಮೂಳೆಯೊಳಗೆ ಇಳಿದು ಕೀವಾಗುತ್ತದೆ, ಧನುರ್ವಾಯುವಿನ ಭಯವೂ ಉಂಟು. ಬೆನ್ನುಮೂಳೆ, ಸೊಂಟ, ತೊಡೆಮೂಳೆಯ ಮುರಿತವೂ ಹೀಗೆಯೇ ಆಸ್ಪತ್ರೆಯ ಕೆಲಸ. ವಯಸ್ಸಾದವರ ಸೊಂಟದ ಬಳಿ ಮುರಿದು ಹಾಸಿಗೆ ಹಿಡಿದರೆ ಕಟ್ಟಿನಿಂದ ಏನೂ ಆಗದು. ಮಲಗಿದಷ್ಟೂ ನ್ಯುಮೋನಿಯಾ, ಬೆನ್ನಿನ ಹುಣ್ಣು ಹತ್ತಿರವಾಗುತ್ತವೆ.

ಮನೆತನದ ವಿದ್ಯೆ ಶಸ್ತ್ರವೈದ್ಯದ ಜೊತೆ ಸೇರಿದರೆ ಏನಾಗಬಹುದು ಎಂಬುದಕ್ಕೆ ಲಿವರ್‌ಪೂಲ್‌ನ ಹ್ಯೂ ಓವನ್ ಥಾಮಸ್ ಇದ್ದಾರೆ. ವೇಲ್ಸ್ ಮೂಲದ ಮೂಳೆ ಕಟ್ಟುವವರ ವಂಶದಲ್ಲಿ ಹುಟ್ಟಿ, ಡಾಕ್ಟರಾಗಿ ಓದಿ, ಮೊಣಕಾಲಿಗೆಂದು ಕಬ್ಬಿಣದ ಚೌಕಟ್ಟು ಮಾಡಿದರು. ಮೊದಲನೇ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಸೈನಿಕರ ಜೀವ ಉಳಿಸಿದ್ದು ಆ ಥಾಮಸ್ ಸ್ಪ್ಲಿಂಟ್. ರಾಚಪಾಳೆಂನ ಕೈಗಳಿಗೂ ಅಂಥ ಜೊತೆ ಸಿಗಬೇಕೆಂಬುದು ನಮ್ಮ ಆಸೆ.

ಬೆಂಗಳೂರಿನಿಂದ ಹೋಗುವವರು ಕೋಲಾರ, ಮುಳಬಾಗಿಲು, ಚಿತ್ತೂರು ದಾಟಿ ಸಾಗಬೇಕು, ದೂರದ ಹಾದಿ. ಹೊರಡುವ ಮುನ್ನ ಇಲ್ಲಿಯೇ ಎಕ್ಸ್-ರೇ ತೆಗೆಸಿ, ಡಾಕ್ಟರಿಗೆ ತೋರಿಸಿ. ಉಂಗುರ, ಬಳೆ ಬಿಚ್ಚಿ, ದಪ್ಪ ರಟ್ಟು ಕೊಟ್ಟು ಸಡಿಲವಾಗಿ ಕಟ್ಟಿ, ಕೈಯಾದರೆ ಎದೆಗಿಂತ ಮೇಲೆ ಇಟ್ಟುಕೊಳ್ಳಿ. ಕಟ್ಟು ಬಿಚ್ಚಿದ ದಿನವೇ ಕೀಲು ಆಡಿಸಲು ಶುರುಮಾಡಬಹುದೇ ಎಂಬುದನ್ನು ಕೊನೆಯ ಎಕ್ಸ್-ರೇ ನೋಡಿದ ಮೇಲಷ್ಟೇ ತೀರ್ಮಾನಿಸಿ.